‘ಗಲೋಪೆ’ ಎಲ್ಲಿಂದ ಬಂತು? ಕುದುರೆಯ ಓಟವನ್ನು ಹೇಳುವ ಒಂದು ಫ್ರೆಂಚ್ ಕ್ರಿಯಾಪದದ ಕಥೆ

ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಶಿಕ್ಷಕಿ. ಬಿಡುವಿನಲ್ಲಿ ಫ್ರೆಂಚ್ ಕಲಿತು, ಈಗ ಒಂದು ಮಕ್ಕಳ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಥೆಯಲ್ಲಿ ಗಿರಣಿಯವನೊಬ್ಬನ ಕುದುರೆ ಇದೆ. ಅದರ ಓಟವನ್ನು ಹೇಳುವಾಗ ‘ಗಲೋಪೆ’ ಎಂಬ ಕ್ರಿಯಾಪದ ಏಳು ಸಲ ಬರುತ್ತದೆ. ಈ ಪದದ ಹುಟ್ಟಿನ ಬಗ್ಗೆ ಪುಸ್ತಕದ ಕೊನೆಯಲ್ಲಿ ಮಕ್ಕಳಿಗಾಗಿ ಒಂದು ಸಣ್ಣ ಟಿಪ್ಪಣಿ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದಾರೆ. ಇದನ್ನು ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿದಾಗ ಎರಡು ಉತ್ತರಗಳು ಬಂದವು. ನಮ್ಮ ‘ನಾಗಾಲೋಟ’ದ ‘ಗಾಲೋಟ’ವೇ ಯುರೋಪಿಗೆ ಹೋಗಿ ‘ಗಲೋಪ್’ ಆಯಿತೆಂದು ಒಬ್ಬರು ಹೇಳಿದರು. ಸಂಸ್ಕೃತದ ‘ವಲ್ಗ್’ ಧಾತುವೇ ಮೂಲ, ಅಮರಕೋಶದಲ್ಲಿ ‘ವಲ್ಗಿತ’ ಎಂಬ ಕುದುರೆಯ ಗತಿ ಇದೆಯಲ್ಲ ಎಂದು ಇನ್ನೊಬ್ಬರು ಹೇಳಿದರು. ನಾನು ನೋಡಿದ ನಿಘಂಟಿನಲ್ಲಿ ‘ಚೆನ್ನಾಗಿ ಓಡು’ ಎಂಬರ್ಥದ ಫ್ರಾಂಕ್ ಭಾಷೆಯ ಪದದಿಂದ ಇದು ಬಂದಿದೆ ಎಂದು ಬರೆದಿದೆ. ಆದರೆ ಆ ಪದದ ಮುಂದೆ ಒಂದು ನಕ್ಷತ್ರದ ಗುರುತು ಇದೆ. ಯಾವುದನ್ನು ನಂಬಲಿ? ಕನ್ನಡದಲ್ಲಿ ‘ನಾಗಾಲೋಟ’ ಎಂದೇ ಬರೆದರೆ ತಪ್ಪಾಗುತ್ತದೆಯೇ? ಮಕ್ಕಳಿಗೆ ಸುಳ್ಳು ಹೇಳಿದಂತಾಗಬಾರದು ಎಂಬುದೇ ನನ್ನ ಅಳುಕು.

ಉತ್ತರ: ನಿಮ್ಮ ಅಳುಕು ಸರಿಯಾದದ್ದು. ಪದಗಳ ಹುಟ್ಟಿನ ಬಗ್ಗೆ ಒಮ್ಮೆ ಅಚ್ಚಾದ ತಪ್ಪು ಮುಂದಿನ ಎರಡು ತಲೆಮಾರುಗಳ ಶಾಲಾ ಪ್ರಬಂಧಗಳಲ್ಲಿ ಉಳಿದುಬಿಡುವುದನ್ನು ಫ್ರೆಂಚ್ ಮತ್ತು ಭಾಷಾಚರಿತ್ರೆಯನ್ನು ಕಲಿಸುತ್ತ ಬಂದ ನಾನು ಕಂಡಿದ್ದೇನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ: ಈ ಪದ ಎಲ್ಲಿಂದ ಬಂತು ಎಂಬುದು ಒಂದು, ಅದಕ್ಕೆ ಕನ್ನಡದಲ್ಲಿ ಯಾವ ಮಾತು ಒಪ್ಪುತ್ತದೆ ಎಂಬುದು ಇನ್ನೊಂದು. ಇವೆರಡೂ ಬೆರೆತುಹೋದಾಗಲೇ ‘ನಾಗಾಲೋಟವೇ ಗಲೋಪ್ ಆಯಿತು’ ಎಂಬಂಥ ಮಾತು ಹುಟ್ಟುತ್ತದೆ. ಆದ್ದರಿಂದ ಮೊದಲು ಹುಟ್ಟಿನ ಪ್ರಶ್ನೆಯನ್ನು ನೋಡಿ, ಬಳಿಕ ಅನುವಾದಕ್ಕೆ ಬರುತ್ತೇನೆ.

ಬರಹದಲ್ಲಿ ಉಳಿದಿರುವ ಸಾಕ್ಷ್ಯದಿಂದ ಆರಂಭಿಸೋಣ. ‘ಗಲೋಪೆ’ ಕ್ರಿಯಾಪದವೂ ಅದರ ಜೊತೆಗಿರುವ ‘ಗಲೋಪ್’ ಎಂಬ ನಾಮಪದವೂ 12ನೇ ಶತಮಾನದ ಹಳೆಯ ಫ್ರೆಂಚ್ ಕಾವ್ಯಗಳಲ್ಲಿ ಬಳಕೆಯಲ್ಲಿವೆ. ನಾಮಪದದ ಅತ್ಯಂತ ಹಳೆಯ ಬಳಕೆಗಳಲ್ಲಿ ಒಂದು ಸುಮಾರು 1100ರ ಕಾಲದ್ದೆಂದು ಎಣಿಸುವ ರೋಲಾಂನ ವೀರಗೀತೆಯಲ್ಲಿ ಸಿಗುತ್ತದೆ. ಅಲ್ಲಿ ಆ ಪದವನ್ನು ಕುದುರೆಗೆ ಬಳಸಿಲ್ಲ. ಚಕ್ರವರ್ತಿ ಶಾರ್ಲಮೇನ್ ಒಂದು ಕೆಟ್ಟ ಕನಸು ಕಾಣುತ್ತಾನೆ. ಕಾಡುಮೃಗಗಳು ಅವನ ಮೇಲೆ ಎರಗುತ್ತವೆ. ಆಗ ಅರಮನೆಯ ಒಳಗಿನಿಂದ ಒಂದು ಬೇಟೆನಾಯಿ ‘ಗಲೋಪ್‌ಗಳಲ್ಲಿಯೂ ನೆಗೆತಗಳಲ್ಲಿಯೂ’ ಅವನ ನೆರವಿಗೆ ಓಡಿಬರುತ್ತದೆ. ಕುದುರೆಗೇ ಮೀಸಲೆಂದು ನಾವು ಭಾವಿಸುವ ಪದವೊಂದು ಇಷ್ಟು ಹಿಂದೆಯೇ ನಾಯಿಯ ಓಟಕ್ಕೂ ಸಲ್ಲುತ್ತಿತ್ತು. ಮಕ್ಕಳ ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ಸಂಗತಿ ನಿಮಗೆ ಸಿಗಲಾರದು ಎಂದು ನನಗನ್ನಿಸುತ್ತದೆ. ಇದರಲ್ಲಿ ಇನ್ನೊಂದು ಸೂಚನೆಯೂ ಇದೆ: ಈ ಪದದ ಒಡಲಿನಲ್ಲಿ ಮೊದಲಿನಿಂದ ಇದ್ದದ್ದು ಕುದುರೆ ಎಂಬ ಪ್ರಾಣಿಯಲ್ಲ, ನೆಗೆಯುತ್ತ ಓಡುವ ಬಗೆ.

ಬರಹದಲ್ಲಿ ಮೊದಲು ಸಿಕ್ಕ ವರ್ಷವನ್ನೇ ಪದ ಹುಟ್ಟಿದ ವರ್ಷವೆಂದು ತಿಳಿಯಬಾರದು ಎಂಬ ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನದಲ್ಲಿ ಕಾಣುವ ಕನ್ನಡ ಪದಗಳು ಆ ಕಲ್ಲನ್ನು ಕೆತ್ತಿದ ದಿನ ಹುಟ್ಟಿದವಲ್ಲ. ಅದಕ್ಕೂ ಹಿಂದೆ ತಲೆಮಾರುಗಳ ಕಾಲ ಜನರ ಬಾಯಲ್ಲಿ ಇದ್ದವು. ‘ಗಲೋಪ್’ ಕೂಡ ಹಾಗೆಯೇ ಕವಿಗಳ ಕೈಗೆ ಬರುವ ಮೊದಲು ಲಾಯಗಳಲ್ಲಿ, ದಂಡಿನ ಬಿಡಾರಗಳಲ್ಲಿ ಬಹಳ ಕಾಲ ಬದುಕಿದ್ದಿರಬೇಕು.

ಇನ್ನು ನಿಮ್ಮ ಪ್ರಶ್ನೆಯನ್ನು ಬಿಡಿಸುವ ಮುಖ್ಯ ಸುಳಿವು. ಹಳೆಯ ಫ್ರೆಂಚಿನಲ್ಲಿ ಈ ಕ್ರಿಯಾಪದಕ್ಕೆ ಎರಡು ರೂಪಗಳಿದ್ದವು. ಪ್ಯಾರಿಸ್ ಸುತ್ತಲಿನ ನಡುನಾಡಿನ ಭಾಷೆಯಲ್ಲಿ ‘ಗಲೋಪೆರ್’ ಎಂದಿದ್ದರೆ, ಉತ್ತರದ ಉಪಭಾಷೆಗಳಲ್ಲಿ ‘ವಲೋಪೆರ್’ ಎಂದಿತ್ತು. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ, ಇಂದು ನಮ್ಮ ಕಿವಿಗೆ ಮೊದಲು ಬೀಳುವ ಆ ‘ಗ’ಕಾರ ಮೂಲದ್ದಲ್ಲ ಎಂದು ತಿಳಿಯುತ್ತದೆ. ಮೂಲದಲ್ಲಿದ್ದದ್ದು ತುಟಿಗಳನ್ನು ದುಂಡಗೆ ಮಾಡಿ ಉಚ್ಚರಿಸುವ ‘ವ’ಕಾರ.

ಇದು ಒಂದೇ ಪದಕ್ಕೆ ಒದಗಿದ ಆಕಸ್ಮಿಕವಲ್ಲ, ಸಾಲುಸಾಲು ಪದಗಳಲ್ಲಿ ಕಾಣುವ ನಿಯಮ. ಜರ್ಮನಿಕ್ ಕುಲದ ಭಾಷೆಗಳಿಂದ (ಇಂಗ್ಲಿಷ್, ಜರ್ಮನ್, ನಿಮ್ಮ ನಿಘಂಟು ಹೇಳುವ ಫ್ರಾಂಕ್ ಭಾಷೆ ಇವೆಲ್ಲ ಈ ಕುಲದವು) ಬಂದ ಪದಗಳ ಮೊದಲ ‘ವ’ಕಾರ ನಡುನಾಡಿನ ಫ್ರೆಂಚಿನಲ್ಲಿ ‘ಗ್ವ’ ಆಗಿ, ಮುಂದೆ ‘ಗ’ ಆಗಿ ಉಳಿಯಿತು. ಉತ್ತರದಲ್ಲಿ ಮಾತ್ರ ‘ವ’ವಾಗಿಯೇ ನಿಂತಿತು. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಅವರ ಜೊತೆ ಉತ್ತರದ ರೂಪಗಳು ಅಲ್ಲಿಗೆ ಹೋದವು, ಮುಂದಿನ ಶತಮಾನಗಳಲ್ಲಿ ಪ್ಯಾರಿಸ್ಸಿನ ರೂಪಗಳೂ ಹೋದವು. ಅದರಿಂದಲೇ ಇಂಗ್ಲಿಷಿನಲ್ಲಿ ವಾರಂಟಿ ಇದೆ, ಗ್ಯಾರಂಟಿಯೂ ಇದೆ. ವಾರ್ಡನ್ ಇದ್ದಾನೆ, ಗಾರ್ಡಿಯನ್ ಕೂಡ ಇದ್ದಾನೆ. ಇಂಗ್ಲಿಷರ ವಿಲಿಯಂ ಫ್ರೆಂಚರಿಗೆ ಗಿಯೋಮ್; ಇಂಗ್ಲಿಷರ ‘ವಾರ್’ ಫ್ರೆಂಚರಿಗೆ ‘ಗೇರ್’. ಕನ್ನಡಿಗರಿಗೆ ಇಂಥ ಬದಲಾವಣೆ ಹೊಸದೇನಲ್ಲ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’, ‘ವೇರ್’ ನಮ್ಮಲ್ಲಿ ‘ಬೇರು’, ‘ವಿಲ್’ ನಮ್ಮಲ್ಲಿ ‘ಬಿಲ್ಲು’. ಸಂಸ್ಕೃತದ ‘ವನ’, ‘ವರ್ಣ’ಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳ ತದ್ಭವಗಳಾದ ‘ಬನ’, ‘ಬಣ್ಣ’ಗಳನ್ನೂ ನಾವು ಬಳಸುತ್ತೇವೆ. ಒಂದೇ ಪದ ಎರಡು ದಾರಿಗಳಲ್ಲಿ ಬಂದು, ಎರಡು ರೂಪಗಳಲ್ಲಿ, ಸ್ವಲ್ಪ ಬೇರೆಯಾದ ಅರ್ಥಗಳಲ್ಲಿ ನೆಲೆಸುವುದು ಎಲ್ಲ ಭಾಷೆಗಳಲ್ಲಿಯೂ ನಡೆಯುವ ಸಂಗತಿ.

ನಮ್ಮ ಕ್ರಿಯಾಪದಕ್ಕೂ ಇಂಗ್ಲಿಷಿನಲ್ಲಿ ಇದೇ ಆಯಿತು. ‘ಗಲೋಪೆರ್’ನಿಂದ ಗ್ಯಾಲಪ್ ಬಂತು, ‘ವಲೋಪೆರ್’ನಿಂದ ವಾಲಪ್ ಬಂತು. ಮೊದಮೊದಲು ವಾಲಪ್ ಎಂದರೂ ಕುದುರೆಯ ಓಟವೇ. ಆದರೆ ಆ ಕೆಲಸವನ್ನು ಗ್ಯಾಲಪ್ ಪೂರ್ತಿಯಾಗಿ ವಹಿಸಿಕೊಂಡ ಮೇಲೆ ವಾಲಪ್ ದಿಕ್ಕು ಬದಲಿಸಿತು: ನೀರು ಕೊತಕೊತ ಕುದಿಯುವುದು, ಧಡಧಡನೆ ಸದ್ದು ಮಾಡುತ್ತ ಮೈಯಾಡಿಸುವುದು ಎಂಬ ಅರ್ಥಗಳನ್ನು ಹಾದು, 19ನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ‘ಚೆನ್ನಾಗಿ ಬಾರಿಸು’ ಎಂಬ ಅರ್ಥಕ್ಕೆ ಬಂದು ನಿಂತಿತು. ಇಂದು ಇಂಗ್ಲಿಷ್ ಮಾತನಾಡುವವರಲ್ಲಿ ಹೆಚ್ಚಿನವರಿಗೆ ಇವೆರಡೂ ಒಡಹುಟ್ಟಿದ ಪದಗಳೆಂದು ಹೊಳೆಯುವುದಿಲ್ಲ.

ಈಗ ನಕ್ಷತ್ರದ ಗುರುತಿಗೆ ಬರೋಣ. ನಿಘಂಟುಗಳು ಕೊಡುವ ಮೂಲರೂಪ ‘*ವಲ ಹ್ಲೌಪನ್’. ‘ವಲ’ ಎಂದರೆ ಚೆನ್ನಾಗಿ. ಇಂಗ್ಲಿಷಿನ ವೆಲ್, ಜರ್ಮನ್ ಭಾಷೆಯ ವೋಲ್ ಇದರ ಬಂಧುಗಳು. ‘ಹ್ಲೌಪನ್’ ಎಂದರೆ ಓಡು, ನೆಗೆ; ಜರ್ಮನ್ನಿನ ಲೌಫೆನ್, ಇಂಗ್ಲಿಷಿನ ಲೀಪ್ ಇದರ ಬಂಧುಗಳು. ಕುದುರೆಯ ಹಗುರವಾದ ಓಟಕ್ಕೆ ಅಮೆರಿಕದ ಸವಾರರು ಹೇಳುವ ಲೋಪ್ ಎಂಬ ಪದವೂ ಇದೇ ಮನೆತನದ್ದು, ಆದರೆ ಅದು ಸ್ಕ್ಯಾಂಡಿನೇವಿಯದ ದಾರಿಯಿಂದ ಇಂಗ್ಲಿಷಿಗೆ ಬಂತು. ನಕ್ಷತ್ರದ ಗುರುತಿನ ಅರ್ಥವಿಷ್ಟೆ: ಈ ರೂಪ ಯಾವ ಬರಹದಲ್ಲಿಯೂ ದೊರೆತಿಲ್ಲ, ಉಳಿದ ಭಾಷೆಗಳ ಸಾಕ್ಷ್ಯಗಳಿಂದ ವಿದ್ವಾಂಸರು ಅದನ್ನು ಮರಳಿ ಕಟ್ಟಿದ್ದಾರೆ. 5ನೇ ಶತಮಾನದ ಕೊನೆಯಲ್ಲಿ ಉತ್ತರ ಗಾಲ್ ಪ್ರದೇಶವನ್ನು, ಅಂದರೆ ಇಂದಿನ ಉತ್ತರ ಫ್ರಾನ್ಸಿನ ಸುತ್ತಲ ನಾಡನ್ನು, ಆಳತೊಡಗಿದ ಫ್ರಾಂಕರು ತಮ್ಮ ಮನೆಮಾತಿನಲ್ಲಿ ಬರೆದಿಟ್ಟದ್ದು ತೀರ ಕಡಿಮೆ. ಆಡಳಿತಕ್ಕೂ ಧರ್ಮಕ್ಕೂ ಅವರು ಲ್ಯಾಟಿನ್ನನ್ನೇ ಬಳಸಿದರು. ಆದ್ದರಿಂದ ಫ್ರಾಂಕ್ ಮೂಲದ ಫ್ರೆಂಚ್ ಪದಗಳಲ್ಲಿ ಬಹುಪಾಲಿಗೆ ಈ ನಕ್ಷತ್ರ ಅಂಟಿಕೊಂಡೇ ಇರುತ್ತದೆ. ಅದನ್ನು ಕಂಡು ‘ಇದು ಬರೀ ಊಹೆ’ ಎಂದು ತಳ್ಳಿಹಾಕುವವರನ್ನೂ, ಅದನ್ನು ಗಮನಿಸದೆ ‘ಇದೇ ಸಿದ್ಧ’ ಎಂದು ಬರೆಯುವವರನ್ನೂ ನನ್ನ ತರಗತಿಗಳಲ್ಲಿ ಕಂಡಿದ್ದೇನೆ. ಎರಡೂ ಸರಿಯಲ್ಲ. ಇದು ಊಹೆಯೇ ಹೌದು, ಆದರೆ ಲೆಕ್ಕ ಒಪ್ಪಿಸುವ ಊಹೆ.

ಲೆಕ್ಕ ಹೇಗೆ ಒಪ್ಪುತ್ತದೆ ಎಂಬುದನ್ನೂ ನೋಡಿ. ಮೊದಲ ‘ವ’ಕಾರದ ಗತಿಯನ್ನು ಆಗಲೇ ಕಂಡೆವು. ‘ಹ್ಲ’ದಲ್ಲಿನ ಹಕಾರ ಫ್ರೆಂಚಿನಲ್ಲಿ ಉದುರಿಹೋಗುತ್ತದೆ, ಫ್ರಾಂಕರ ‘ಹ್ಲೋಡೊವಿಗ್’ ಎಂಬ ಹೆಸರೇ ಮುಂದೆ ಫ್ರೆಂಚ್ ಅರಸರ ‘ಲೂಯಿ’ ಆದದ್ದು ಇದಕ್ಕೆ ಸಾಕ್ಷಿ. ‘ಔ’ ಎಂಬ ಸ್ವರ ಫ್ರೆಂಚಿನಲ್ಲಿ ‘ಓ’ ಆಗುತ್ತದೆ. ಲ್ಯಾಟಿನ್ನಿನ ‘ಔರುಮ್’, ಅಂದರೆ ಚಿನ್ನ, ಫ್ರೆಂಚಿನಲ್ಲಿ ‘ಓರ್’ ಆಗಿರುವುದು ಹೀಗೆ. ‘ಔ’ವನ್ನು ಕಾಪಾಡಿಕೊಂಡ ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ಈ ಕ್ರಿಯಾಪದ ‘ಗಲೌಪರ್’ ಎಂದೇ ಸಿಗುತ್ತದೆ. ನಾಲ್ಕಾರು ಕಡೆಯ ಸಾಕ್ಷ್ಯಗಳು ಹೀಗೆ ಒಂದಕ್ಕೊಂದು ಹೊಂದಿಕೊಂಡಾಗ ಬರಹದಲ್ಲಿ ಇಲ್ಲದ ರೂಪವನ್ನೂ ನಾವು ಧೈರ್ಯದಿಂದ ಹೇಳಬಹುದು.

ಸಂದರ್ಭವೂ ಈ ಮೂಲಕ್ಕೆ ಒಪ್ಪುತ್ತದೆ. ಕುದುರೆಗೆ ಸಂಬಂಧಿಸಿದ ಫ್ರೆಂಚ್ ಪದಗಳಲ್ಲಿ ಫ್ರಾಂಕ್ ಹಾಗೂ ಲ್ಯಾಟಿನ್ ಪದರಗಳು ಒಂದರ ಮೇಲೊಂದು ಕುಳಿತಿವೆ. ಕುದುರೆ ಎಂಬರ್ಥದ ‘ಶೆವಾಲ್’ ಆಡುಮಾತಿನ ಲ್ಯಾಟಿನ್ನಿನ ‘ಕಬಾಲ್ಲುಸ್’ನಿಂದ ಬಂದದ್ದು. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವ ಮೆತ್ತನೆಯ ನಡಿಗೆಗೆ ಹೇಳುವ ‘ಆಂಬ್ಲೆ’ ಕೂಡ ನಡೆಯುವುದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಆದರೆ ಕುಕ್ಕುಲೋಟದ ‘ಟ್ರೊಟೆ’, ಹಾರುತ್ತ ಓಡುವ ‘ಗಲೋಪೆ’, ಸವಾರನ ಬೂಟಿನ ಮುಳ್ಳು, ಕಾಲಿಡುವ ರಿಕಾಪು ಇವೆಲ್ಲಕ್ಕೂ ಇರುವ ಪದಗಳು ಜರ್ಮನಿಕ್ ಮೂಲದವು. ‘ಮಾರೆಶಾಲ್’ ಎಂಬುದು ಕುದುರೆ ಎಂಬರ್ಥದ ‘ಮರ್ಹ್’ ಮತ್ತು ಆಳು ಎಂಬರ್ಥದ ‘ಸ್ಕಲ್ಕ್’ ಸೇರಿ ಆದದ್ದು. ಲಾಯದ ಆಳಿನ ಆ ಹೆಸರು ಅರಮನೆಯ ಅಶ್ವಾಧಿಕಾರಿಗೂ, ಅಲ್ಲಿಂದ ಸೇನಾಪತಿಗೂ ಏರಿತು. ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಸಂದ ಫೀಲ್ಡ್ ಮಾರ್ಷಲ್ ಪದವಿಯಲ್ಲಿ ಕುಳಿತಿರುವುದು ಇದೇ ಪದ. ಸವಾರಿಯ ಪದಗಳು ಸವಾರರ ಜೊತೆಯಲ್ಲೇ ಪಯಣಿಸುತ್ತವೆ. ನಮ್ಮ ‘ಲಗಾಮು’, ‘ಜೀನು’ ಪಾರಸಿಯಿಂದ ಬಂದಿರುವುದೂ ಇದೇ ಕಾರಣಕ್ಕೆ.

ಇಷ್ಟಾದರೂ ಎಲ್ಲವೂ ಮುಗಿದ ಮಾತಲ್ಲ. ‘ಹ್ಲೌಪನ್’ ಭಾಗದ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಒಪ್ಪಿಗೆ ಇದೆ. ಮೊದಲ ಭಾಗದ ಬಗ್ಗೆ ಭಿನ್ನಾಭಿಪ್ರಾಯವಿದೆ. ‘ವಲ’ ಎಂದರೆ ಇಲ್ಲಿ ‘ಚೆನ್ನಾಗಿ’ ಅಲ್ಲ, ರಣರಂಗ ಎಂಬರ್ಥದ ‘ವಲ್’ ಎಂದು ವಾದಿಸುವವರಿದ್ದಾರೆ. ಕಾಳಗದಲ್ಲಿ ಮಡಿದ ವೀರರು ಸೇರುವ ಮನೆಗೆ ಸ್ಕ್ಯಾಂಡಿನೇವಿಯದ ನಾರ್ಸ್ ಪುರಾಣಗಳಲ್ಲಿ ವಲ್ಹಾಲ ಎಂಬ ಹೆಸರಿದೆಯಲ್ಲ, ಅದರಲ್ಲಿರುವುದು ಈ ‘ವಲ್’. ಆಗ ಪದದ ಅರ್ಥ ರಣರಂಗದ ಓಟ ಎಂದಾಗುತ್ತದೆ. ಕೇಳಲು ಇದು ರೋಮಾಂಚಕ. ಆದರೆ ನಮಗೆ ಸಿಕ್ಕಿರುವ ಬಳಕೆಗಳಲ್ಲಿ ಯುದ್ಧದ ಅರ್ಥವೇನೂ ಪದಕ್ಕೆ ಅಂಟಿಕೊಂಡು ಬಂದಿಲ್ಲ. ಚಕ್ರವರ್ತಿಯ ಕನಸಿನ ಬೇಟೆನಾಯಿ ರಣರಂಗದಿಂದ ಓಡಿಬಂದದ್ದಲ್ಲ. ಆದ್ದರಿಂದ ನಾನು ‘ಚೆನ್ನಾಗಿ’ ಎಂಬ ವಿವರಣೆಯ ಕಡೆಗೇ ವಾಲುತ್ತೇನೆ.

ಕೈಬಿಟ್ಟುಹೋದ ವಾದಗಳೂ ಇವೆ. ಜರ್ಮನಿಕ್ ಕುಲದ್ದೇ ಆದ ಗಾಥಿಕ್ ಭಾಷೆಯ ‘ಗ’ ಎಂಬ ಉಪಸರ್ಗ ಹ್ಲೌಪನ್‌ಗೆ ಸೇರಿ ‘ಗಹ್ಲೌಪನ್’ ಆಯಿತು, ಅದರಿಂದ ಗಲೋಪೆ ಬಂತು ಎಂದು ಹಿಂದೊಮ್ಮೆ ಹೇಳುತ್ತಿದ್ದರು. ನೋಡಲು ಎಷ್ಟು ಸರಳ! ಆದರೆ ಉತ್ತರದ ‘ವಲೋಪೆರ್’ ರೂಪವನ್ನು ಅದು ವಿವರಿಸಲಾರದು, ಏಕೆಂದರೆ ಮೂಲದಲ್ಲಿಯೇ ‘ಗ’ ಇದ್ದ ಪದ ಉತ್ತರದಲ್ಲಿ ‘ವ’ ಆಗುವ ನಿಯಮವಿಲ್ಲ. ಗ್ರೀಕಿನ ‘ಕಲ್ಪೆ’ಯಿಂದ ಬಂದಿರಬಹುದೆಂದೂ ಹಿಂದಿನವರು ಯೋಚಿಸಿದ್ದರು, ಒಲಿಂಪಿಯದ ಕ್ರೀಡೆಗಳಲ್ಲಿ ಕ್ರಿಸ್ತಪೂರ್ವ 496ರಿಂದ 444ರವರೆಗೆ ನಡೆದ ಹೆಣ್ಣುಕುದುರೆಗಳ ಓಟಕ್ಕೆ ಆ ಹೆಸರಿತ್ತು. ಅದೂ ಅದೇ ‘ವ’ಕಾರದ ಕಲ್ಲಿಗೆ ಎಡವಿ ಬಿತ್ತು.

ನಿಮ್ಮ ಬಂಧುಗಳ ಎರಡು ವಾದಗಳನ್ನೂ ಇದೇ ಒರೆಗಲ್ಲಿಗೆ ಹಚ್ಚೋಣ. ‘ನಾಗಾಲೋಟ’ ಎಂಬುದು ನಾಲ್, ಕಾಲ್, ಓಟ ಎಂಬ ಮೂರು ಭಾಗಗಳು ಕೂಡಿ ಆದ ಪದ: ನಾಲ್ಕು ಕಾಲುಗಳ ಓಟ. ನಾಲ್ ಮತ್ತು ನೂರು ಸೇರಿ ನಾನೂರು ಆದಾಗ ಲಕಾರ ಬಿದ್ದುಹೋಗುವಂತೆ ಇಲ್ಲಿಯೂ ಬಿದ್ದುಹೋಗಿದೆ. ‘ಕಾಲ್’ನ ಕಕಾರ ಗಕಾರವಾದದ್ದು ನೀವು ತರಗತಿಯಲ್ಲಿ ಎಷ್ಟೋ ಸಲ ಕಲಿಸಿರುವ ಆದೇಶ ಸಂಧಿಯಿಂದ, ಮಳೆಗಾಲ, ಮುಂಗಾಲು, ಹಿಂಗಾಲುಗಳಲ್ಲಿ ಆದದ್ದೂ ಅದೇ. ಅಂದರೆ ‘ಗಾಲೋಟ’ ಎಂಬ ಬಿಡಿ ಪದ ಕನ್ನಡದಲ್ಲಿ ಎಂದೂ ಇರಲಿಲ್ಲ. ‘ನಾಲ್’ ಅನ್ನು ತೆಗೆದುಹಾಕಿದರೆ ಉಳಿಯಬೇಕಾದದ್ದು ‘ಕಾಲೋಟ’. ಈಗ ಎರಡನ್ನೂ ಅಕ್ಕಪಕ್ಕ ಇಡಿ. ಕನ್ನಡ ಪದದ ಗಕಾರ ಕಕಾರದಿಂದ ಬಂದದ್ದು, ಫ್ರೆಂಚ್ ಪದದ ಗಕಾರ ವಕಾರದಿಂದ ಬಂದದ್ದು. ಯಾವ ಅಕ್ಷರದ ಹೋಲಿಕೆಯನ್ನು ಕಂಡು ನಿಮ್ಮ ಬಂಧುಗಳು ಬೆರಗಾದರೋ ಆ ಅಕ್ಷರ ಎರಡೂ ಭಾಷೆಗಳಲ್ಲಿ ಆಮೇಲೆ ಬಂದು ಕೂತದ್ದು. ಒಂದೊಂದು ಪದವನ್ನೂ ಅದರ ಹಳೆಯ ರೂಪಕ್ಕೆ ಒಯ್ದಷ್ಟೂ ಅವೆರಡೂ ಹತ್ತಿರವಾಗಬೇಕಿತ್ತು. ಆದರೆ ದೂರ ಸರಿಯುತ್ತವೆ. ‘ಓಟ’ದ ಟಕಾರ ಪಕಾರವಾದದ್ದು ಹೇಗೆಂಬುದಕ್ಕೂ ಉತ್ತರವಿಲ್ಲ.

‘ವಲ್ಗ್’ ವಾದ ಮೇಲ್ನೋಟಕ್ಕೆ ಇದಕ್ಕಿಂತ ಬಲವಾದದ್ದು, ಏಕೆಂದರೆ ಅದರಲ್ಲಿ ‘ವ’ ಇದೆ, ‘ಲ’ ಇದೆ, ಅರ್ಥವೂ ಕೂಡುತ್ತದೆ. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಅಮರಕೋಶ ಕುದುರೆಯ ಐದು ಧಾರೆಗಳನ್ನು, ಅಂದರೆ ಗತಿಗಳನ್ನು, ಹೇಳುತ್ತದೆ. ‘ವಲ್ಗಾ’ ಎಂದರೆ ಲಗಾಮು, ನಮ್ಮ ಹಳೆಯ ಕಾವ್ಯಗಳ ‘ವಾಘೆ’ ಅದರಿಂದಲೇ ಬಂದದ್ದು. ಸಂಸ್ಕೃತವೂ ಫ್ರಾಂಕ್ ಭಾಷೆಯೂ ದೂರದ ದಾಯಾದಿಗಳೇ ಆದ್ದರಿಂದ ಸಂಬಂಧವನ್ನು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ದಾಯಾದಿ ಪದಗಳಿಗೆ ನಿಯಮವಿದೆ. ಸಂಸ್ಕೃತದ ಗಕಾರಕ್ಕೆ ಜರ್ಮನಿಕ್ ಭಾಷೆಗಳಲ್ಲಿ ಕಕಾರ ಸಿಗಬೇಕು: ನೊಗ ಎಂಬರ್ಥದ ‘ಯುಗ’ಕ್ಕೆ ಇಂಗ್ಲಿಷಿನಲ್ಲಿ ಯೋಕ್ ಇರುವ ಹಾಗೆ. ಹಾಗಾದರೆ ‘ವಲ್ಗ್’ಗೆ ಅಲ್ಲಿ ಸಿಗಬೇಕಾದ ರೂಪ ‘ವಲ್ಕ್’. ಕೆಲವು ವಿದ್ವಾಂಸರು ‘ವಲ್ಗತಿ’ಯನ್ನು ಹೋಲಿಸುವುದು ಇಂಗ್ಲಿಷಿನ ವಾಕ್ ಎಂಬ ಪದದ ಹಳೆಯ ರೂಪದೊಂದಿಗೆ, ಅಂದರೆ ಓಟದ ಬದಲು ಇಂದು ನಡಿಗೆಗೆ ಸಲ್ಲುವ ಪದದೊಂದಿಗೆ. ‘ವಲೋಪೆರ್’ನ ಕೊನೆಯ ‘ಲೋಪ್’ ಭಾಗ ‘ವಲ್ಗ್’ನಲ್ಲಿ ಇಲ್ಲವೇ ಇಲ್ಲ.

ಕುದುರೆಯ ಗೊರಸಿನ ಸದ್ದನ್ನು ಅನುಕರಿಸಿ ಈ ಪದ ಹುಟ್ಟಿತೆಂದು ಹೇಳುವವರೂ ನಿಮಗೆ ಸಿಗುತ್ತಾರೆ. ಪದದ ಲಯ ಓಟದ ಲಯಕ್ಕೆ ಹೊಂದುತ್ತದೆ, ನಿಜ. ಬಹುಶಃ ಅದು ಹಲವು ಭಾಷೆಗಳಿಗೆ ಸುಲಭವಾಗಿ ಹರಡಲು ಅದೂ ಒಂದು ಕಾರಣವಿರಬಹುದು. ಆದರೆ ಭಾಗಗಳಾಗಿ ಬಿಡಿಸಬಲ್ಲ ಪದಕ್ಕೆ ಅನುಕರಣೆಯ ಹುಟ್ಟನ್ನು ಹೇಳಬೇಕಾದ ಅಗತ್ಯವಿಲ್ಲ.

ಇಂಥ ಹೋಲಿಕೆಗಳು ಏಕೆ ಇಷ್ಟು ಬೇಗ ಮನಸ್ಸನ್ನು ಸೆಳೆಯುತ್ತವೆ? ಸಾವಿರಾರು ಪದಗಳಿರುವ ಯಾವ ಎರಡು ಭಾಷೆಗಳನ್ನು ತೆಗೆದುಕೊಂಡರೂ ಸದ್ದೂ ಅರ್ಥವೂ ಹತ್ತಿರವಿರುವ ಕೆಲವು ಜೋಡಿಗಳು ಆಕಸ್ಮಿಕವಾಗಿ ಸಿಕ್ಕೇ ಸಿಗುತ್ತವೆ. ನಾವು ಇಂದಿನ ರೂಪಗಳನ್ನು, ಅದೂ ಹೆಚ್ಚಾಗಿ ಇಂಗ್ಲಿಷಿನ ಉಚ್ಚಾರಣೆಯಲ್ಲಿ, ಕೇಳಿ ಹೋಲಿಸುತ್ತೇವೆ. ಇಂದಿನ ಫ್ರೆಂಚಿನಲ್ಲಿ ನಾಮಪದದ ಕೊನೆಯ ‘ಪ್’ ಉಚ್ಚಾರಣೆಯಲ್ಲಿಯೇ ಇಲ್ಲ, ಅವರು ‘ಗಲೋ’ ಎನ್ನುತ್ತಾರೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಇದರ ಜೊತೆಗೆ ನಮ್ಮ ಭಾಷೆಯ ಮೇಲಿನ ಪ್ರೀತಿಯೂ ಸೇರುತ್ತದೆ. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ನಾಗಾಲೋಟ ಎಂಬ ಪದದ ಹೆಚ್ಚುಗಾರಿಕೆ ಇರುವುದು ಅದರ ರಚನೆಯಲ್ಲಿ, ಫ್ರೆಂಚಿನ ಜೊತೆಗಿನ ನಂಟಿನಲ್ಲಲ್ಲ. ಇದಕ್ಕೆ ಸಮನಾದ ಕಲ್ಪನೆಯನ್ನು ಹುಡುಕಬೇಕೆಂದರೆ ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿಗೆ ಹೋಗಬೇಕು. ಲ್ಯಾಟಿನ್ ಕವಿಗಳು ಈ ಓಟಕ್ಕೆ ಬಳಸಿದ ಪದ ‘ಕ್ವಾಡ್ರುಪೆದನ್ಸ್’: ‘ಕ್ವಾಡ್ರು’ ಎಂದರೆ ನಾಲ್ಕು, ‘ಪೆದ್’ ಎಂದರೆ ಕಾಲು, ಒಟ್ಟಿನಲ್ಲಿ ನಾಲ್ಕು ಕಾಲುಗಳಲ್ಲಿ ಓಡುವಂಥದ್ದು. ಯಾರೂ ಯಾರಿಂದಲೂ ಪಡೆಯದೆ ರೋಮಿನಲ್ಲಿಯೂ ಕನ್ನಡನಾಡಿನಲ್ಲಿಯೂ ಜನ ಕುದುರೆಯನ್ನು ನೋಡಿ ಒಂದೇ ಬಗೆಯ ಪದವನ್ನು ಕಟ್ಟಿದರು. ಲ್ಯಾಟಿನ್ನಿನ ಆ ಪದ ಫ್ರೆಂಚಿನಲ್ಲಿ ಓಟದ ಹೆಸರಾಗಿ ನಿಲ್ಲಲಿಲ್ಲ, ಫ್ರಾಂಕರ ಪದ ಅದರ ಜಾಗಕ್ಕೆ ಬಂತು; ಕನ್ನಡದ ಪದ ಇಂದಿಗೂ ನಮ್ಮ ಬಾಯಲ್ಲಿದೆ. ಮಕ್ಕಳಿಗೆ ಹೆಮ್ಮೆಯಿಂದ ಹೇಳಬಹುದಾದದ್ದು ಇದು, ಮತ್ತು ಇದು ನಿಜ.

ಈಗ ಅನುವಾದಕ್ಕೆ ಬರುತ್ತೇನೆ. ನಾಗಾಲೋಟ ಎಂದು ಬರೆದರೆ ತಪ್ಪಿಲ್ಲ, ಆದರೆ ಏಳು ಕಡೆಗಳಲ್ಲಿಯೂ ಅದನ್ನೇ ಇಟ್ಟರೆ ಕೆಲವು ಕಡೆ ಅರ್ಥ ಜಾರಬಹುದು. ಕಾರಣ ಇದು: ಇಂಗ್ಲಿಷಿನಲ್ಲಿ ಕ್ಯಾಂಟರ್ ಮತ್ತು ಗ್ಯಾಲಪ್ ಎಂದು ಎರಡು ಗತಿಗಳಿಗೆ ಎರಡು ಪದಗಳಿವೆ. ಕ್ಯಾಂಟರ್ ಎಂಬುದು ಕ್ಯಾಂಟರ್ಬರಿಯ ಯಾತ್ರಿಕರು ಕುದುರೆಯ ಮೇಲೆ ಆರಾಮಾಗಿ ಸಾಗುತ್ತಿದ್ದ ವೇಗದ ಹೆಸರು ಮೊಟಕಾಗಿ ಉಳಿದದ್ದು. ಫ್ರೆಂಚಿನಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ‘ಗಲೋ’ ಒಂದೇ. ಮೂರು ಪೆಟ್ಟುಗಳ ಹಗುರ ಓಟಕ್ಕೆ ಬೇಕೆನಿಸಿದರೆ ‘ಪೆತಿ ಗಲೋ’, ಅಂದರೆ ಚಿಕ್ಕ ಗಲೋ ಎನ್ನುತ್ತಾರೆ. ಪೂರ್ತಿ ವೇಗಕ್ಕೆ ‘ಗ್ರಾಂ ಗಲೋ’, ಇನ್ನೂ ಒತ್ತಿ ಹೇಳಬೇಕಾದರೆ ಮೂರುಪಟ್ಟು ಗಲೋ ಎಂದೂ, ಹೊಟ್ಟೆ ನೆಲಕ್ಕೆ ತಾಗುವಂತೆ ಎಂದೂ ಹೇಳುತ್ತಾರೆ. ಕನ್ನಡದ ನಾಗಾಲೋಟದಲ್ಲಿ ಪೂರ್ತಿ ವೇಗದ ಭಾವವೇ ಇದೆ. ಗಿರಣಿಯವನ ಕುದುರೆ ಹಿಟ್ಟಿನ ಮೂಟೆ ಹೊತ್ತು ಅಂಗಳಕ್ಕೆ ಬರುವಲ್ಲಿ ‘ಗಲೋಪೆ’ ಇದ್ದರೆ ಅದು ನಾಗಾಲೋಟವಾಗಿರಲಾರದು. ಅಲ್ಲಿ ‘ಹಗುರವಾಗಿ ಓಡುತ್ತ ಬಂತು’, ‘ಕುಣಿಯುತ್ತ ಓಡಿಬಂತು’ ಎಂಬಂಥ ಮಾತು ಬೇಕಾಗುತ್ತದೆ. ಏಳು ಜಾಗಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಅಲ್ಲಿ ಕುದುರೆಯ ಬೆನ್ನ ಮೇಲೆ ಏನಿದೆ, ಅದು ಎಲ್ಲಿಂದ ಎಲ್ಲಿಗೆ ಓಡುತ್ತಿದೆ, ಅವಸರ ಯಾರದು ಎಂದು ಕೇಳಿಕೊಳ್ಳಿ. ಪದ ತಾನಾಗಿ ಸಿಗುತ್ತದೆ.

‘ಗ್ಯಾಲಪ್’ ಎಂದೇ ಬರೆಯುವುದು ಇನ್ನೊಂದು ದಾರಿ. ಬೆಂಗಳೂರು, ಮೈಸೂರುಗಳ ರೇಸ್ ಮೈದಾನದಲ್ಲಿ, ಕುದುರೆ ಪೊಲೀಸರಲ್ಲಿ ವಾಕ್, ಟ್ರಾಟ್, ಕ್ಯಾಂಟರ್, ಗ್ಯಾಲಪ್ ಎಂಬ ಪದಗಳೇ ನಡೆಯುತ್ತವೆ, ಆದ್ದರಿಂದ ಅದು ಪರಕೀಯವೇನೂ ಅಲ್ಲ. ಆದರೆ ನಿಮ್ಮ ಕಥೆ ಫ್ರೆಂಚ್ ಹಳ್ಳಿಯದು. ಇಂಗ್ಲಿಷ್ ಉಚ್ಚಾರಣೆಯ ಪದ ನಡುವೆ ಬಂದರೆ ಮೂರನೆಯ ನಾಡಿನ ವಾಸನೆ ಬರುತ್ತದೆ. ‘ದೌಡು’ ಉತ್ತರ ಕರ್ನಾಟಕದ ಮಕ್ಕಳಿಗೆ ತುಂಬ ಹತ್ತಿರದ ಪದ, ಆದರೆ ಮನುಷ್ಯರ ಓಟಕ್ಕೂ ಸಲ್ಲುವುದರಿಂದ ಕುದುರೆಯ ಕಾಲಿನ ಲಯ ಅದರಲ್ಲಿ ಕಾಣುವುದಿಲ್ಲ. ‘ವಲ್ಗಿತ’ವನ್ನು ಮಕ್ಕಳ ಕಥೆಯಲ್ಲಿ ಬಳಸಬೇಡಿ. ಅದನ್ನು ವಿವರಿಸಲು ಅಡಿಟಿಪ್ಪಣಿ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ವಾಟ್ಸ್‌ಆ್ಯಪ್ಪಿನ ವಾದವನ್ನು ನೀವು ಒಪ್ಪಿದಿರಿ ಎಂಬ ಭಾವನೆ ಬರುತ್ತದೆ. ನಾಗಾಲೋಟದ ಬಗ್ಗೆ ಇನ್ನೊಂದು ಸಣ್ಣ ತೊಡಕಿದೆ. ಬೆಲೆಗಳ ನಾಗಾಲೋಟ ಎಂದು ಪತ್ರಿಕೆಗಳಲ್ಲಿ ಓದಿ ಓದಿ ಪಟ್ಟಣದ ಮಕ್ಕಳಿಗೆ ಅದರೊಳಗಿನ ಕುದುರೆ ಮರೆಯಾಗಿದೆ. ಫ್ರೆಂಚಿನಲ್ಲಿಯೂ ಇದೇ ನಡೆದಿದೆ. ಅವರೂ ಹಣದುಬ್ಬರಕ್ಕೆ ‘ಗಲೋಪ್ ಮಾಡುವ’ ಎಂಬ ವಿಶೇಷಣವನ್ನು ಹಚ್ಚುತ್ತಾರೆ. ಕಥೆಯಲ್ಲಿ ಮೊದಲ ಸಲ ಬರುವಾಗ ‘ನಾಲ್ಕೂ ಕಾಲೆತ್ತಿ ನಾಗಾಲೋಟ ಹೂಡಿತು’ ಎಂದು ಬರೆದರೆ ಪದ ತನ್ನ ಅರ್ಥವನ್ನು ತಾನೇ ತೆರೆದು ತೋರಿಸುತ್ತದೆ.

ನಾಲ್ಕೂ ಕಾಲೆತ್ತಿ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಕುದುರೆ ಓಡುವಾಗ ಒಂದು ಕ್ಷಣವಾದರೂ ನಾಲ್ಕು ಕಾಲುಗಳೂ ನೆಲ ಬಿಟ್ಟಿರುತ್ತವೆಯೇ ಎಂಬುದು ಬರಿಗಣ್ಣಿಗೆ ತೀರ್ಮಾನಿಸಲಾಗದ ಪ್ರಶ್ನೆಯಾಗಿತ್ತು. 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಡ್ಜ್ ಎಂಬ ಛಾಯಾಗ್ರಾಹಕ ಸಾಲಾಗಿ ನಿಲ್ಲಿಸಿದ ಕ್ಯಾಮೆರಾಗಳಿಂದ ಓಡುವ ಕುದುರೆಯ ಚಿತ್ರಗಳನ್ನು ತೆಗೆದು, ನಾಲ್ಕೂ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಕ್ಷಣದಲ್ಲಿ ಕುದುರೆ ಗಾಳಿಯಲ್ಲಿರುತ್ತದೆ ಎಂದು ತೋರಿಸಿದ. ಅದಕ್ಕೂ ಮೊದಲು ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿದ ಭಂಗಿ ಬರೆಯುತ್ತಿದ್ದರು. ಫ್ರೆಂಚ್ ಕಲಾವಿದ ಜೆರಿಕೋ 1821ರಲ್ಲಿ ಬರೆದ ಎಪ್ಸಮ್ ಕುದುರೆ ಪಂದ್ಯದ ಚಿತ್ರ ಹಾಗಿದೆ. ಓಡು ಎಂಬುದರ ಜೊತೆಗೆ ನೆಗೆ ಎಂಬ ಅರ್ಥವನ್ನೂ ಹೊತ್ತ ‘ಹ್ಲೌಪನ್’ ಈ ಗತಿಗೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ನಿಮ್ಮ ಪುಸ್ತಕದ ಚಿತ್ರಕಾರರಿಗೂ ಇದನ್ನು ತಿಳಿಸಿದರೆ ಒಳ್ಳೆಯದು.

ಟಿಪ್ಪಣಿಯಲ್ಲಿ ಎಷ್ಟು ಹೇಳಬೇಕು ಎಂಬುದೇ ಉಳಿದಿರುವ ಪ್ರಶ್ನೆ. ‘ಚೆನ್ನಾಗಿ ಓಡು’ ಎಂದಷ್ಟೇ ಬರೆದರೆ ಸರಳವಾಗಿರುತ್ತದೆ, ಆದರೆ ಸಂದೇಹವನ್ನು ಮುಚ್ಚಿಟ್ಟಂತಾಗುತ್ತದೆ. ಎಲ್ಲ ವಾದಗಳನ್ನೂ ಬರೆದರೆ ಮಕ್ಕಳು ಓದುವುದಿಲ್ಲ. ‘ಇರಬೇಕು’, ‘ಎನ್ನುತ್ತಾರೆ’ ಎಂಬ ಕ್ರಿಯಾಪದಗಳು ನಕ್ಷತ್ರದ ಗುರುತಿನ ಕೆಲಸವನ್ನು ಕನ್ನಡದಲ್ಲಿ ಚೆನ್ನಾಗಿಯೇ ಮಾಡುತ್ತವೆ. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಬೇಕೆನಿಸಿದರೆ ತಿದ್ದಿ ಬಳಸಿಕೊಳ್ಳಿ:

“ಈ ಕಥೆಯ ಕುದುರೆಯ ಓಟಕ್ಕೆ ಫ್ರೆಂಚಿನಲ್ಲಿ ‘ಗಲೋಪೆ’ ಎನ್ನುತ್ತಾರೆ. ಒಂಬೈನೂರು ವರ್ಷಗಳ ಹಿಂದಿನ ಒಂದು ಹಾಡಿನಲ್ಲಿ ರಾಜನನ್ನು ಕಾಪಾಡಲು ಬೇಟೆನಾಯಿಯೊಂದು ಹೀಗೆಯೇ ಓಡಿಬರುತ್ತದೆ. ಫ್ರಾಂಕರು ಎಂಬ ಹಳೆಯ ಕಾಲದ ಜನ ‘ಚೆನ್ನಾಗಿ ನೆಗೆದು ಓಡು’ ಎನ್ನಲು ಬಳಸುತ್ತಿದ್ದ ಪದದಿಂದ ಇದು ಬಂದಿರಬೇಕು ಎಂದು ತಿಳಿದವರು ಹೇಳುತ್ತಾರೆ. ಆಗ ಅದರ ಮೊದಲ ಅಕ್ಷರ ‘ಗ’ ಆಗಿರಲಿಲ್ಲ, ‘ವ’ ಆಗಿತ್ತು. ನಾವು ಕನ್ನಡದಲ್ಲಿ ಇದನ್ನು ನಾಗಾಲೋಟ ಎನ್ನುತ್ತೇವೆ. ಅದರೊಳಗೆ ನಾಲ್ಕು ಕಾಲುಗಳು ಅಡಗಿವೆ. ಹುಡುಕಿ ನೋಡಿ.”